ಗಾಜಿನ ಪಟ್ಟಿಯ ಮೇಲೆ ನಾಯಿಯ ಗಂಟು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಗೆ ಸೂಕ್ಷ್ಮದರ್ಶಕ ಹೊಸದಲ್ಲ. ರೇಷ್ಮೆಮೊಟ್ಟೆ ತಯಾರಿಸುವ ಕಡೆ, ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು ನೋಡುತ್ತಾರೆ. ಗಂಟುರೋಗದ ಕಣ ಕಂಡರೆ ಆ ಮೊಟ್ಟೆಗಳನ್ನು ನಾಶಮಾಡುತ್ತಾರೆ. ಫ್ರಾನ್ಸಿನಲ್ಲಿ 1865ರಿಂದ ಐದು ವರ್ಷ ರೇಷ್ಮೆಹುಳುಗಳ ಜೊತೆ ಹೆಣಗಿದ ಲೂಯಿ ಪಾಸ್ಚರ್ ಹಾಕಿಕೊಟ್ಟ ಕ್ರಮವಿದು. ಹುಳುವಿಗೆ ಇಷ್ಟು ಮಾಡುವ ನಾವು, ಅದೇ ಮನೆಯಂಗಳದ ನಾಯಿಯ ಮೈಮೇಲೆ ಗಂಟೆದ್ದರೆ ಏನು ಮಾಡುತ್ತೇವೆ?

ಚಿತ್ರೀಕರಣಕ್ಕೆಂದು ಮಾಗಡಿ ಕಡೆಯ ಒಂದು ಹಳ್ಳಿಗೆ ಹೋಗಿದ್ದೆವು. ನಾಯಿಯ ಮೂತಿಯ ಪಕ್ಕ ಹೂಕೋಸಿನಂಥ ಗಡ್ಡೆ, ಒರಸಿದರೆ ರಕ್ತ. "ಕ್ಯಾನ್ಸರ್ ಸಾರ್, ಊರಾಚೆ ಬಿಟ್ಟು ಬರ್ಬೇಕು" ಎಂದರು ಯಜಮಾನರು. ಯಾರೂ ಪರೀಕ್ಷಿಸಿರಲಿಲ್ಲ. ನಾನು ಬಿ.ಎಸ್ಸಿ. ಓದಿದವನು, ಪಶುವೈದ್ಯನಲ್ಲ. ಆದರೂ ನೋಡದೆ ಕೊಟ್ಟ ಆ ತೀರ್ಪು ಮನಸ್ಸಿಗೆ ಒಪ್ಪಲಿಲ್ಲ.

ನಾಯಿಯ ಚರ್ಮದ ಗಂಟುಗಳೆಲ್ಲ ಒಂದೇ ಜಾತಿಯವಲ್ಲ. ಕೆಲವು ಬರೀ ಕೊಬ್ಬು. ಎಳೆಯ ನಾಯಿಗಳಲ್ಲಿ ಏಳುವ ಒಂದು ಬಗೆ ತಾನಾಗಿಯೇ ಕರಗುವುದುಂಟು. ಮಾಸ್ಟ್ ಕೋಶದ ಗಡ್ಡೆ ಮಾತ್ರ ಅಪಾಯಕಾರಿಯಾಗಬಲ್ಲದು. ಒಡಲ ತುಂಬ ನೇರಳೆ ಕಾಳು ತುಂಬಿಕೊಂಡ ಆ ಕೋಶವನ್ನು ಪಾಲ್ ಎರ್ಲಿಕ್ 1878ರಲ್ಲೇ ಗುರುತಿಸಿ ಹೆಸರಿಟ್ಟಿದ್ದ. ಇವುಗಳ ಭೇದ ಬರಿಗಣ್ಣಿಗೆ ತಿಳಿಯದು.

ಎಲ್ಲಕ್ಕಿಂತ ವಿಚಿತ್ರವಾದುದು ನಾಯಿಯಿಂದ ನಾಯಿಗೆ ಹರಡುವ ಗಡ್ಡೆ. 1876ರಲ್ಲಿ ರಷ್ಯದ ಪಶುವೈದ್ಯ ನೋವಿನ್ಸ್ಕಿ ಒಂದು ನಾಯಿಯ ಗಡ್ಡೆಯ ಚೂರನ್ನು ಮರಿಗಳಿಗೆ ಕಸಿ ಮಾಡಿ, ಅಲ್ಲೂ ಅದು ಬೆಳೆಯುವುದನ್ನು ತೋರಿಸಿದ. ಇಲ್ಲಿ ಅಂಟುವುದು ರೋಗಾಣುವಲ್ಲ, ಗಡ್ಡೆಯ ಕೋಶವೇ! ನಾಯಿಯ ಕೋಶದಲ್ಲಿ 78 ವರ್ಣತಂತುಗಳಿದ್ದರೆ ಇದರಲ್ಲಿ ಅರವತ್ತರ ಆಸುಪಾಸು. ಸಾವಿರಾರು ವರ್ಷಗಳ ಹಿಂದೆ ಸತ್ತ ಒಂದೇ ನಾಯಿಯ ಕೋಶಗಳ ಸಂತತಿ ಇಂದಿಗೂ ಬೀದಿನಾಯಿಗಳಲ್ಲಿ ಬದುಕಿದೆ ಎಂಬುದು 2006ರ ನಂತರದ ವಂಶವಾಹಿ ಸಂಶೋಧನೆಗಳಿಂದ ಖಚಿತವಾಯಿತು. ಹೆಚ್ಚಾಗಿ ಕೂಡುವಾಗ ಹರಡುತ್ತದೆ. ಮೂಸಿ ನೆಕ್ಕುವುದರಿಂದ ಮೂತಿಗೂ ಚರ್ಮಕ್ಕೂ ಬರುತ್ತದೆ.

ಪತ್ತೆಗೆ ಬೇಕಾದುದು ಸಣ್ಣ ಸೂಜಿ, ಸಿರಿಂಜು, ಗಾಜಿನ ಪಟ್ಟಿ. ಮನುಷ್ಯರ ಗಡ್ಡೆಗೆ ಸೂಜಿ ಚುಚ್ಚಿ ಕೋಶ ತೆಗೆಯುವ ವಿಧಾನವನ್ನು ನ್ಯೂಯಾರ್ಕಿನ ಮಾರ್ಟಿನ್ ಮತ್ತು ಎಲಿಸ್ 1930ರಲ್ಲಿ ಪ್ರಕಟಿಸಿದರು. ಬಣ್ಣವೋ, ಮಲೇರಿಯಾ ರಕ್ತಪರೀಕ್ಷೆಗೆ ಬಳಸುವ ಲೀಶ್ಮನ್ ಬಣ್ಣವೇ ಸಾಕು. ಕೆಲವೊಮ್ಮೆ ಸೂಜಿಗೆ ಬರೀ ರಕ್ತ ಬರುತ್ತದೆ. ಆಗ ಚೂರು ಕತ್ತರಿಸಿಯೇ ನೋಡಬೇಕು.

1958ರಲ್ಲಿ ಆರಂಭವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಈ ಸೀಮೆಗೆ ದೂರವಲ್ಲ. ನಮ್ಮ ನಾಯಿಯನ್ನು ಅಷ್ಟು ದೂರವೂ ಒಯ್ಯಬೇಕಾಗಲಿಲ್ಲ. ಹತ್ತಿರದ ವೈದ್ಯರೊಬ್ಬರೇ ಸೂಜಿ ಹಾಕಿದರು. ನಾನೂ ಕಣ್ಣಿಟ್ಟು ನೋಡಿದೆ. ದುಂಡನೆಯ ಕೋಶಗಳು, ಒಳಗೆ ನೀರ್ಗುಳ್ಳೆಯಂಥ ಸಣ್ಣ ಸಣ್ಣ ಖಾಲಿ ಜಾಗಗಳು. ಅದೇ ಅಂಟುಗಡ್ಡೆ. ಇದಕ್ಕೆ ಕತ್ತರಿಗಿಂತ ವಿನ್‌ಕ್ರಿಸ್ಟೀನ್ ಮೇಲು. ವೈದ್ಯರ ಕೈಯಲ್ಲೇ ವಾರಕ್ಕೊಂದು ಚುಚ್ಚುಮದ್ದು. ಆ ಮದ್ದಿನ ಮೂಲ ನಮ್ಮ ಹಿತ್ತಲಿನ ನಿತ್ಯಪುಷ್ಪ!

ಆರನೆಯ ವಾರ ಉಳಿದ ದೃಶ್ಯಗಳಿಗಾಗಿ ಮತ್ತೆ ಹೋದೆವು. ಗೇಟು ತೆಗೆಯುವ ಮೊದಲೇ ಆ ನಾಯಿ ಬೊಗಳುತ್ತ ಕ್ಯಾಮೆರಾದವರನ್ನು ಜೀಪಿನವರೆಗೂ ಅಟ್ಟಿಸಿಕೊಂಡು ಬಂತು.