ಸಮವಸ್ತ್ರದಲ್ಲಿರುವ ನಮ್ಮವರು ಮೊಬೈಲಿನಲ್ಲಿ ರಾಜಕೀಯ ಬರೆಯಬಹುದೇ?

ಚುನಾವಣೆ ಬಂತೆಂದರೆ ಪಂದಲೂರಿನ ನಮ್ಮ ಸದಸ್ಯರ ಮೊಬೈಲಿಗೆ ಮೂರು ರಾಜ್ಯಗಳ ರಾಜಕೀಯ ಒಟ್ಟಿಗೇ ಬಂದು ಬೀಳುತ್ತದೆ. ಓಟು ತಮಿಳುನಾಡಿನಲ್ಲಿ, ಪೇಟೆ ಕೆಲಸಕ್ಕೆ ಸುಲ್ತಾನ್ ಬತ್ತೇರಿ ಹತ್ತಿರ, ನೆಂಟರೆಲ್ಲ ಗುಂಡ್ಲುಪೇಟೆ, ಮೈಸೂರು ಕಡೆ. ಹೀಗಾಗಿ ಒಂದೇ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಮೂವರು ಮುಖ್ಯಮಂತ್ರಿಗಳನ್ನೂ ಪ್ರಧಾನಿಯನ್ನೂ ಹೊಗಳುವ, ತೆಗಳುವ, ಗೇಲಿ ಮಾಡುವ ಫಾರ್ವರ್ಡ್‌ಗಳು ಓಡಾಡುತ್ತಿರುತ್ತವೆ. ಅದೇ ಗುಂಪಿನಲ್ಲಿ ಸೇನೆಯಲ್ಲಿರುವ ಮಗ, ಗಡಿ ಭದ್ರತಾ ಪಡೆಯಲ್ಲಿರುವ ಅಳಿಯ, ಪೊಲೀಸ್ ಕೆಲಸದಲ್ಲಿರುವ ಸೊಸೆಯೂ ಇರುತ್ತಾರೆ. ಅವರು ಅದನ್ನು ಮುಂದಕ್ಕೆ ಕಳಿಸಿದರೆ ಏನಾಗುತ್ತದೆ? ರಜೆಯಲ್ಲಿದ್ದಾಗಲೂ ನಿಯಮ ಇದೆಯೇ? ಈ ಪ್ರಶ್ನೆಗಳನ್ನು ಗಡಿಯೂರುಗಳ ಹಲವು ಮನೆಗಳವರು ಕೇಳುತ್ತಿರುವುದರಿಂದ ನಾವು ತಿಳಿದಷ್ಟನ್ನು ಇಲ್ಲಿ ಒಂದೆಡೆ ಬರೆದಿಡುತ್ತಿದ್ದೇವೆ.

ಉತ್ತರ ಮೊದಲೇ ಹೇಳಿಬಿಡುತ್ತೇವೆ. ಸೇವೆಯಲ್ಲಿರುವವರು ರಾಜಕೀಯ ಅಭಿಪ್ರಾಯ ಇಟ್ಟುಕೊಳ್ಳಬಹುದು, ಸೇವಾ ಮತದಾರರಾಗಿ ಅಂಚೆ ಮೂಲಕ ಮತವನ್ನೂ ಹಾಕಬಹುದು. ಆದರೆ ರಾಜಕೀಯ ವಿಷಯವನ್ನು ಅನುಮತಿ ಇಲ್ಲದೆ ಪ್ರಕಟಿಸುವಂತಿಲ್ಲ. ಇದು ಟೀಕೆಗೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ, ಹೊಗಳಿಕೆಗೂ ಅದೇ ನಿಯಮ.

ಕಾನೂನು ಎಲ್ಲಿದೆ

ಸಂವಿಧಾನದ 19ನೇ ವಿಧಿ ಎಲ್ಲ ಪ್ರಜೆಗಳಿಗೂ ಮಾತಿನ ಸ್ವಾತಂತ್ರ್ಯ ಕೊಟ್ಟಿದೆ. ಅದೇ ಸಂವಿಧಾನದ 33ನೇ ವಿಧಿ ಸಶಸ್ತ್ರ ಪಡೆಗಳು, ಸಾರ್ವಜನಿಕ ಶಾಂತಿ ಕಾಯುವ ಪಡೆಗಳು, ಗುಪ್ತಚರ ಸಂಸ್ಥೆಗಳು ಮತ್ತು ಇವುಗಳ ದೂರಸಂಪರ್ಕ ವ್ಯವಸ್ಥೆಗಳಲ್ಲಿ ಇರುವವರ ಮೂಲಭೂತ ಹಕ್ಕುಗಳನ್ನು ಎಷ್ಟು ಮಿತಿಗೊಳಿಸಬಹುದೆಂದು ತೀರ್ಮಾನಿಸುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. ಕರ್ತವ್ಯ ಸರಿಯಾಗಿ ನಡೆಯಬೇಕು, ಶಿಸ್ತು ಉಳಿಯಬೇಕು ಎನ್ನುವುದು ಅಲ್ಲಿ ಕೊಟ್ಟಿರುವ ಕಾರಣ.

ಆ ಅಧಿಕಾರದಿಂದ ಬಂದದ್ದು 1950ರ ಸೇನಾ ಕಾಯ್ದೆಯ 21ನೇ ಸೆಕ್ಷನ್. ಅದರ ಕೆಳಗೆ 1954ರ ಸೇನಾ ನಿಯಮಗಳಿವೆ. 20ನೇ ನಿಯಮ ಪಕ್ಷದ ಸಭೆ, ಮೆರವಣಿಗೆ, ಪಕ್ಷದ ಸದಸ್ಯತ್ವ, ಚಂದಾ ಇವನ್ನು ತಡೆಯುತ್ತದೆ. ನಮ್ಮ ಪ್ರಶ್ನೆಗೆ ಉತ್ತರ ಇರುವುದು 21ನೇ ನಿಯಮದಲ್ಲಿ. ರಾಜಕೀಯ ಪ್ರಶ್ನೆಗೆ ಸಂಬಂಧಿಸಿದ ಅಥವಾ ಸೇವೆಗೆ ಸಂಬಂಧಿಸಿದ ಯಾವ ವಿಷಯವನ್ನೂ ಯಾವ ರೂಪದಲ್ಲೂ ಪ್ರಕಟಿಸಬಾರದು, ಪತ್ರಿಕೆಗಳಿಗೆ ನೇರವಾಗಿಯೋ ಬೇರೆಯವರ ಮೂಲಕವೋ ತಿಳಿಸಬಾರದು. ಮಾಡಬೇಕಿದ್ದರೆ ಮುಂಚಿತವಾಗಿ ಅನುಮತಿ ಬೇಕು. ಈ ನಿಯಮ ಬರೆದಾಗ ಫೇಸ್‌ಬುಕ್ ಎಲ್ಲಿತ್ತು? ಆದರೆ 'ಯಾವ ರೂಪದಲ್ಲೂ' ಎಂಬ ಮಾತಿನೊಳಗೆ ಸ್ಟೇಟಸ್ಸು, ರೀಲು, ಕಮೆಂಟು ಎಲ್ಲವೂ ಬಂದುಬಿಡುತ್ತವೆ. ಇದರ ಜೊತೆಗೆ ಶಿಸ್ತಿಗೆ ಧಕ್ಕೆ ತರುವ ಯಾವುದೇ ನಡತೆಗೆ ಏಳು ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ 63ನೇ ಸೆಕ್ಷನ್ ಕೂಡ ಇದೆ. ನೌಕಾಪಡೆ, ವಾಯುಪಡೆ, ಗಡಿ ಭದ್ರತಾ ಪಡೆಯ ಕಾಯ್ದೆಗಳಲ್ಲೂ ಇಂಥದ್ದೇ ನಿರ್ಬಂಧಗಳಿವೆ.

2015ರಲ್ಲಿ ಸುಪ್ರೀಂ ಕೋರ್ಟ್ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ರದ್ದು ಮಾಡಿತಲ್ಲ, ಈಗೇನು ಭಯ ಎಂದು ಕೇಳುವವರಿದ್ದಾರೆ. ಆ ತೀರ್ಪು ನಮ್ಮಂಥ ಸಾಮಾನ್ಯ ಪ್ರಜೆಗಳಿಗೆ ದೊಡ್ಡ ಆಸರೆ. ಸೇನಾ ನಿಯಮವನ್ನು ಅದು ಮುಟ್ಟಿಲ್ಲ.

ವೆಲ್ಲಿಂಗ್ಟನ್ನಿನಲ್ಲಿ ನಡೆದದ್ದು

ರಾಜಕಾರಣಿಯ ಬಗ್ಗೆ ಆಡಿದ ಮಾತಿಗೆ ಸೈನಿಕ ತೊಂದರೆಗೆ ಸಿಕ್ಕಿದ ದೇಶದ ಅತಿ ಪ್ರಸಿದ್ಧ ಪ್ರಕರಣಗಳಲ್ಲಿ ಒಂದು ನಮ್ಮ ನೀಲಗಿರಿಯಲ್ಲೇ ನಡೆದಿದೆ. ಇದು ನಮ್ಮವರಲ್ಲೇ ಹಲವರಿಗೆ ಗೊತ್ತಿಲ್ಲ.

ಅದರ ಹಿನ್ನೆಲೆ ಕೊಡಗಿನದು. ಮಡಿಕೇರಿಯ ಜನರಲ್ ಕೆ. ಎಸ್. ತಿಮ್ಮಯ್ಯ ಸೇನಾ ಮುಖ್ಯಸ್ಥರಾಗಿದ್ದಾಗ ರಕ್ಷಣಾ ಸಚಿವ ವಿ. ಕೆ. ಕೃಷ್ಣ ಮೆನನ್ ಅವರ ಜೊತೆ ಹೊಂದಾಣಿಕೆ ಆಗದೆ 1959ರ ಆಗಸ್ಟ್ ಕೊನೆಯಲ್ಲಿ ರಾಜೀನಾಮೆ ಕೊಟ್ಟರು. ತಿಮ್ಮಯ್ಯನವರು ಬೀದಿಯಲ್ಲಿ ಮಾತಾಡಲಿಲ್ಲ, ಪತ್ರ ಕೊಟ್ಟದ್ದು ಪ್ರಧಾನಿ ನೆಹರೂ ಕೈಗೆ. ಆದರೂ ಸುದ್ದಿ ಪತ್ರಿಕೆಗೆ ಸೋರಿತು. ನೆಹರೂ ಮನವೊಲಿಸಿದ ಮೇಲೆ ಅವರು ರಾಜೀನಾಮೆ ಹಿಂತೆಗೆದುಕೊಂಡರು. ಮಾರನೇ ದಿನಗಳಲ್ಲಿ ಸಂಸತ್ತಿನಲ್ಲಿ ನೆಹರೂ ಚುನಾಯಿತ ಸರ್ಕಾರವೇ ಸೇನೆಗಿಂತ ಮೇಲು ಎಂದು ಒತ್ತಿ ಹೇಳಿದರು. ತಿಮ್ಮಯ್ಯನವರ ಮನೆ 'ಸನ್ನಿಸೈಡ್' ಈಗ ಮಡಿಕೇರಿಯಲ್ಲಿ ವಸ್ತುಸಂಗ್ರಹಾಲಯ. ಆ ಕಡೆ ಹೋದವರು ನೋಡಿ ಬನ್ನಿ.

ಆ ಕಾಲದಲ್ಲೇ ವೆಲ್ಲಿಂಗ್ಟನ್‌ನ ರಕ್ಷಣಾ ಸೇವೆಗಳ ಸಿಬ್ಬಂದಿ ಕಾಲೇಜಿನ ಮುಖ್ಯಸ್ಥರಾಗಿದ್ದವರು ಮೇಜರ್ ಜನರಲ್ ಸ್ಯಾಮ್ ಮಾಣೆಕ್‌ಷಾ. ಅವರ ಮಾತು ಹರಿತ. ಮೆನನ್ ಮತ್ತು ಅವರಿಗೆ ಹತ್ತಿರವಾಗಿದ್ದ ಜನರಲ್ ಬಿ. ಎಂ. ಕೌಲ್ ಅವರಿಗೆ ಅದು ಹಿಡಿಸುತ್ತಿರಲಿಲ್ಲ. ಮಾಣೆಕ್‌ಷಾ ಒಳಗೊಳಗೆ ಆಡಿದ ಮಾತುಗಳನ್ನು ಯಾರೋ ದೆಹಲಿಗೆ ಮುಟ್ಟಿಸಿದರು. ದೇಶವಿರೋಧಿ ಎಂಬ ಆರೋಪ ಬಂತು. ಕಚೇರಿಯಲ್ಲಿ ಬ್ರಿಟಿಷ್ ಕಾಲದ ದೊರೆಗಳ ಚಿತ್ರ ತೂಗುಹಾಕಿದ್ದೂ ದೂರಿನಲ್ಲಿ ಸೇರಿತು. ಲೆಫ್ಟಿನೆಂಟ್ ಜನರಲ್ ದೌಲತ್ ಸಿಂಗ್ ಅವರ ಮುಂದೆ ವಿಚಾರಣೆ ನಡೆದು, ಆರೋಪದಲ್ಲಿ ಹುರುಳಿಲ್ಲ ಎಂದು ಬಿಡುಗಡೆ ಆಯಿತು. 1962ರ ಚೀನಾ ಯುದ್ಧದ ಸೋಲಿನ ನಂತರ ಮೆನನ್, ಕೌಲ್ ಇಬ್ಬರೂ ಹುದ್ದೆ ಬಿಟ್ಟರು. ಕೌಲ್ ಅವರ ಜಾಗದಲ್ಲಿ ನಾಲ್ಕನೇ ಕೋರ್ ವಹಿಸಿಕೊಳ್ಳಲು ಕಳಿಸಿದ್ದು ಇದೇ ಮಾಣೆಕ್‌ಷಾ ಅವರನ್ನು. ಮುಂದಿನ ಕಥೆ ಎಲ್ಲರಿಗೂ ಗೊತ್ತು. ನಿವೃತ್ತಿಯ ನಂತರ ಅವರು ಕೂನೂರಿನಲ್ಲೇ ನೆಲೆಸಿ, 2008ರ ಜೂನ್ 27ರಂದು ವೆಲ್ಲಿಂಗ್ಟನ್ನಿನ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು.

ಈ ಕಥೆಯನ್ನು ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣವಿದೆ. ಮಾಣೆಕ್‌ಷಾ ಯಾವ ಪತ್ರಿಕೆಗೂ ಬರೆದಿರಲಿಲ್ಲ. ನಂಬಿಕೆಯ ಜನರ ನಡುವೆ ಆಡಿದ ಮಾತನ್ನು ಒಬ್ಬರು ಹೊರಗೆ ಒಯ್ದದ್ದೇ ಸಾಕಾಯಿತು. ಇಂದು ಆ ಕೆಲಸಕ್ಕೆ ಒಂದು ಸ್ಕ್ರೀನ್‌ಶಾಟ್ ಸಾಕು. ಕುಟುಂಬದ ಗುಂಪು ಖಾಸಗಿ, ಅದು 'ಪ್ರಕಟಣೆ' ಅಲ್ಲ ಎಂದು ವಕೀಲರು ವಾದಿಸಬಹುದು, ಆ ವಾದದಲ್ಲಿ ತೂಕವೂ ಇದೆ. ಆದರೆ ವಾದ ಮಾಡುವ ಹೊತ್ತಿಗೆ ವಿಚಾರಣೆ ಶುರುವಾಗಿರುತ್ತದೆ. ಜನರಲ್‌ಗೆ ಸಿಕ್ಕ ನ್ಯಾಯವಂತ ವಿಚಾರಣಾಧಿಕಾರಿ ಸಿಪಾಯಿಗೂ ಸಿಗುತ್ತಾರೆ ಎಂದು ನಂಬಿ ಕೂರಲಾಗದು.

ಮೊಬೈಲ್ ಬಂದ ಮೇಲೆ

2017ರ ಜನವರಿಯಲ್ಲಿ ಗಡಿ ಭದ್ರತಾ ಪಡೆಯ ತೇಜ್ ಬಹದ್ದೂರ್ ಯಾದವ್ ಸುಟ್ಟ ರೊಟ್ಟಿ, ನೀರು ಬೇಳೆ ತೋರಿಸಿ ಫೇಸ್‌ಬುಕ್‌ಗೆ ವಿಡಿಯೋ ಹಾಕಿದರು. ಅವರು ದೂರಿದ್ದು ರಾಜಕಾರಣಿಗಳನ್ನಲ್ಲ, ಮೇಲಧಿಕಾರಿಗಳನ್ನು. ಆದರೂ ಅದೇ ವರ್ಷ ಏಪ್ರಿಲ್‌ನಲ್ಲಿ ಪಡೆಯ ನ್ಯಾಯಾಲಯದ ವಿಚಾರಣೆಯ ನಂತರ ಕೆಲಸದಿಂದ ವಜಾ ಆದರು. 2019ರಲ್ಲಿ ವಾರಾಣಸಿಯಿಂದ ಲೋಕಸಭೆಗೆ ನಿಲ್ಲಲು ಹೋದಾಗ ನಾಮಪತ್ರ ತಿರಸ್ಕೃತವಾಯಿತು. ವಜಾ ಆದವರು ಭ್ರಷ್ಟಾಚಾರ ಅಥವಾ ದೇಶನಿಷ್ಠೆಯ ಕೊರತೆಯಿಂದ ವಜಾ ಆಗಿಲ್ಲ ಎಂದು ಚುನಾವಣಾ ಆಯೋಗದ ಪ್ರಮಾಣಪತ್ರ ತರಬೇಕು, ಅದು ಅವರ ಬಳಿ ಇರಲಿಲ್ಲ. 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಅವರ ಮನವಿ ತಳ್ಳಿಹಾಕಿತು. ವಜಾ ಎಂದರೆ ಸಂಬಳ ನಿಲ್ಲುವುದಷ್ಟೇ ಅಲ್ಲ ಎನ್ನುವುದಕ್ಕೆ ಈ ಉದಾಹರಣೆ.

ಅದೇ ವರ್ಷ ಅಧಿಕಾರಿಗಳ ಮನೆಕೆಲಸಕ್ಕೆ ಸೈನಿಕರನ್ನು ಬಳಸುವ ಬಗ್ಗೆ ಗುಟ್ಟಾಗಿ ಚಿತ್ರಿಸಿದ ಒಂದು ವಿಡಿಯೋ ಹೊರಬಂತು. ಅದರಲ್ಲಿ ಮಾತಾಡಿದ್ದ ಕೇರಳದ ಕೊಲ್ಲಂ ಕಡೆಯ ಸೈನಿಕರೊಬ್ಬರು ಮಾರ್ಚ್‌ನಲ್ಲಿ ಮಹಾರಾಷ್ಟ್ರದ ದೇವಲಾಲಿಯಲ್ಲಿ ಶವವಾಗಿ ಸಿಕ್ಕರು. ವಿಡಿಯೋದಲ್ಲಿ ಮುಖ ಮರೆಮಾಡಲಾಗಿತ್ತು. ಮನೆಯವರು ಈ ಬರಹ ಓದುತ್ತಿದ್ದರೆ ಒಂದು ವಿನಂತಿ: ದೂರದಲ್ಲಿರುವ ಮಗ ಫೋನಿನಲ್ಲಿ 'ಏನೋ ಹೇಳಿಬಿಟ್ಟೆ, ಭಯ ಆಗ್ತಿದೆ' ಎಂದರೆ ಮೊದಲು ಬೈಯಬೇಡಿ, ಕೇಳಿಸಿಕೊಳ್ಳಿ.

2020ರ ಜೂನ್‌ನಲ್ಲಿ ಸೇನೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆ್ಯಪ್‌ಗಳನ್ನು ತೆಗೆಯಲು ಆದೇಶಿಸಿತು. ಇದನ್ನು ಲೆಫ್ಟಿನೆಂಟ್ ಕರ್ನಲ್ ಪಿ. ಕೆ. ಚೌಧರಿ ದೆಹಲಿ ಹೈಕೋರ್ಟ್‌ನಲ್ಲಿ ಪ್ರಶ್ನಿಸಿದರು. ದೂರ ಇರುವ ಮನೆಯವರೊಡನೆ ಸಂಪರ್ಕಕ್ಕೆ ಅದು ಬೇಕೆಂಬುದು ಅವರ ಒಂದು ವಾದ. ಆಗಸ್ಟ್ 5ರಂದು ಕೋರ್ಟ್ ಅರ್ಜಿ ವಜಾ ಮಾಡಿತು. ಆ್ಯಪ್‌ಗಳ ಪಟ್ಟಿ, ಬಳಕೆಯ ಷರತ್ತು ಕಾಲಕಾಲಕ್ಕೆ ಬದಲಾಗುತ್ತವೆ. ಹಳೆಯ ಪಟ್ಟಿ ನಂಬಬೇಡಿ, ಯೂನಿಟ್‌ನ ಈಗಿನ ಆದೇಶ ಕೇಳಿ ತಿಳಿದುಕೊಳ್ಳಲಿ.

ಹೊರದೇಶದಲ್ಲೂ ಹೀಗೆಯೇ ಎಂದು ತಿಳಿಯಲು ಒಂದೆರಡು ಸಂಗತಿ. ಅಮೆರಿಕದಲ್ಲಿ ಒಬಾಮಾ ಅವರನ್ನು ಫೇಸ್‌ಬುಕ್‌ನಲ್ಲಿ ಟೀಕಿಸಿದ ಮರೀನ್ ಸಾರ್ಜೆಂಟ್ ಗ್ಯಾರಿ ಸ್ಟೈನ್ 2012ರಲ್ಲಿ ಸೇವೆ ಕಳೆದುಕೊಂಡರು. ಕಾಬೂಲ್ ಬಿಟ್ಟುಬಂದ ರೀತಿಯನ್ನು ಸಮವಸ್ತ್ರದಲ್ಲೇ ಟೀಕಿಸಿ 2021ರಲ್ಲಿ ವಿಡಿಯೋ ಹಾಕಿದ ಲೆಫ್ಟಿನೆಂಟ್ ಕರ್ನಲ್ ಸ್ಟುವರ್ಟ್ ಶೆಲ್ಲರ್ ಕೋರ್ಟ್ ಮಾರ್ಷಲ್ ಎದುರಿಸಿದರು.

ನಿಯಮ ಎಲ್ಲರಿಗೂ ಒಂದೇ ತೂಕದಲ್ಲಿ ಬೀಳುತ್ತದೆಯೇ ಎಂಬ ಪ್ರಶ್ನೆ ಉಳಿದೇ ಇದೆ. 2019ರ ಡಿಸೆಂಬರ್‌ನಲ್ಲಿ ಪೌರತ್ವ ಕಾಯ್ದೆ ವಿರುದ್ಧದ ಪ್ರತಿಭಟನೆಗಳ ನಡುವೆ ಆಗಿನ ಸೇನಾ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ಗುಂಪನ್ನು ತಪ್ಪು ದಾರಿಗೆ ಒಯ್ಯುವವರು ನಾಯಕರಲ್ಲ ಎಂಬರ್ಥದಲ್ಲಿ ಸಭೆಯಲ್ಲಿ ಮಾತಾಡಿದರು. ವಿರೋಧ ಪಕ್ಷಗಳೂ ಕೆಲವು ನಿವೃತ್ತ ಅಧಿಕಾರಿಗಳೂ ಅದನ್ನು ರಾಜಕೀಯ ಮಾತು ಎಂದು ಆಕ್ಷೇಪಿಸಿದರು, ಮುಂದೆ ಏನೂ ಆಗಲಿಲ್ಲ. ಎರಡು ವರ್ಷದ ನಂತರ ನಮ್ಮ ಜಿಲ್ಲೆಯ ನಂಜಪ್ಪಛತ್ರದ ಬಳಿ ಹೆಲಿಕಾಪ್ಟರ್ ದುರಂತದಲ್ಲಿ ಅವರು ತೀರಿಕೊಂಡಾಗ ಇಡೀ ನೀಲಗಿರಿ ಮರುಗಿತ್ತು, ನಾವೂ ಮರುಗಿದ್ದೆವು. ಆದರೂ ನಮ್ಮ ಅಭಿಪ್ರಾಯ ಇದು: ಸಿಪಾಯಿಗೆ ಬಿಗಿಯಾದ ನಿಯಮ ಮೇಲಿನವರಿಗೆ ಸಡಿಲವಾದರೆ ಶಿಸ್ತಿನ ಮಾತಿಗೆ ಬೆಲೆ ಕಡಿಮೆಯಾಗುತ್ತದೆ.

ಯಾರ್ಯಾರಿಗೆ ಅನ್ವಯ

ಬಂದೂಕು ಹಿಡಿದವರಿಗೆ ಮಾತ್ರ ಎಂದುಕೊಳ್ಳಬೇಡಿ. ಸೇನಾ ನೆಲೆಗಳಿಗೆ ಸೇರಿದ ಅಡುಗೆಯವರು, ಕಾವಲುಗಾರರು, ದರ್ಜಿಗಳು, ಬಡಗಿಗಳಂಥವರೂ 33ನೇ ವಿಧಿಯೊಳಗೆ ಬರುತ್ತಾರೆ ಎಂದು 1976ರಲ್ಲಿ ಓ. ಕೆ. ಎ. ನಾಯರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಗಡಿ ರಸ್ತೆ ಕೆಲಸದ 'ಗ್ರೆಫ್' ಸಿಬ್ಬಂದಿಗೂ ಅದೇ ಎಂದು 1983ರಲ್ಲಿ ಆರ್. ವಿಶ್ವನ್ ಪ್ರಕರಣದಲ್ಲಿ ತೀರ್ಮಾನವಾಯಿತು. ಅರುವಂಕಾಡು ಕಾರ್ಡೈಟ್ ಕಾರ್ಖಾನೆಯ ಕಾರ್ಮಿಕರ ಸ್ಥಿತಿ ಬೇರೆ, ಅವರಿಗೆ ಕಾರ್ಮಿಕ ಸಂಘಗಳಿವೆ.

ಪೊಲೀಸರಿಗೆ 1966ರ ಪ್ರತ್ಯೇಕ ಕಾಯ್ದೆ ಇದೆ. ಅನುಮತಿ ಇಲ್ಲದೆ ಪತ್ರಿಕೆಗೆ ಬರೆದರೆ ಎರಡು ವರ್ಷದವರೆಗೆ ಸೆರೆವಾಸ ಆಗಬಹುದು. ಆದರೆ ಅಪ್ಪಟ ಸಾಹಿತ್ಯ, ಕಲೆ, ವಿಜ್ಞಾನದ ಬರಹಕ್ಕೆ ಅದರಲ್ಲಿ ವಿನಾಯಿತಿ ಇದೆ. ನಮ್ಮ ರಾಜ್ಯೋತ್ಸವದ ಸಂಚಿಕೆಗೆ ಕವಿತೆ ಕೊಡುವ ಪೊಲೀಸ್ ಮಿತ್ರರು ಹಿಂಜರಿಯಬೇಕಿಲ್ಲ. ಕರ್ನಾಟಕದಲ್ಲಿ 2016ರ ಜೂನ್ 4ರಂದು ಸಂಬಳ, ರಜೆ, ಮೇಲಧಿಕಾರಿಗಳ ಕಿರುಕುಳದ ವಿಷಯದಲ್ಲಿ ಪೊಲೀಸರ ಸಾಮೂಹಿಕ ರಜೆಗೆ ಕರೆ ಕೊಟ್ಟಿದ್ದ ಪೊಲೀಸ್ ಮಹಾಸಂಘದ ಅಧ್ಯಕ್ಷ ಶಶಿಧರ್ ಅವರನ್ನು ರಾಜದ್ರೋಹದ ಆರೋಪದಲ್ಲಿ ಬಂಧಿಸಿದ್ದು ಮೈಸೂರು ಕಡೆಯವರಿಗೆ ನೆನಪಿರಬಹುದು.

ಅಪ್ಪ, ಅಮ್ಮ, ಹೆಂಡತಿ, ಗಂಡ ಇವರಿಗೆ ಸೇನಾ ಕಾಯ್ದೆ ಅನ್ವಯಿಸುವುದಿಲ್ಲ. ಅವರು ಎಲ್ಲರಂತೆ ಸರ್ಕಾರವನ್ನು ಟೀಕಿಸಬಹುದು. ಎರಡು ಎಚ್ಚರ ಸಾಕು. ಮಗ ಎಲ್ಲಿದ್ದಾನೆ, ಯಾವ ಯೂನಿಟ್ ಎತ್ತ ಹೊರಟಿದೆ ಎಂಬುದನ್ನು ಎಲ್ಲೂ ಹಾಕಬೇಡಿ. 1923ರ ಅಧಿಕೃತ ರಹಸ್ಯ ಕಾಯ್ದೆ ಎಲ್ಲರಿಗೂ ಅನ್ವಯಿಸುತ್ತದೆ. ಮತ್ತೆ, ಅವನ ಮಾತನ್ನು ನಿಮ್ಮ ಹೆಸರಲ್ಲಿ ಹಾಕಿದರೂ 'ಬೇರೆಯವರ ಮೂಲಕ' ತಿಳಿಸಿದ ದೋಷ ಅವನ ಮೇಲೆ ಬರಬಹುದು.

ದೂರಿದ್ದರೆ ಎಲ್ಲಿಗೆ

ಊಟ, ರಜೆ, ಬಡ್ತಿ, ಅನ್ಯಾಯದ ಶಿಕ್ಷೆ ಇವಕ್ಕೆ ದಾರಿ ಇದೆ, ನಿಧಾನದ್ದಾದರೂ. ಸೇನಾ ಕಾಯ್ದೆಯ 26ನೇ ಸೆಕ್ಷನ್ ಸಿಪಾಯಿಗಳಿಗೂ 27ನೇ ಸೆಕ್ಷನ್ ಅಧಿಕಾರಿಗಳಿಗೂ ಮೇಲಿನವರೆಗೆ ದೂರು ಒಯ್ಯುವ ಹಕ್ಕು ಕೊಟ್ಟಿವೆ. ದೂರು ಬರಹದಲ್ಲಿರಲಿ, ಪ್ರತಿ ಮತ್ತು ಸ್ವೀಕೃತಿ ಇಟ್ಟುಕೊಳ್ಳಲಿ. ಅಲ್ಲಿ ಪರಿಹಾರ ಸಿಗದಿದ್ದರೆ 2007ರ ಕಾಯ್ದೆಯಂತೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ಗಡಿಯವರಿಗೆ ಗೊಂದಲ ಆಗುವುದು ಇಲ್ಲೇ: ತಮಿಳುನಾಡಿಗೆ ಚೆನ್ನೈ ಪೀಠ, ಕೇರಳಕ್ಕೂ ಕರ್ನಾಟಕಕ್ಕೂ ಕೊಚ್ಚಿ ಪೀಠ. ಗಡಿ ಭದ್ರತಾ ಪಡೆ, ಸಿಆರ್‌ಪಿಎಫ್‌ನವರಿಗೆ ಈ ಮಂಡಳಿ ಇಲ್ಲ, ಅವರು ಹೈಕೋರ್ಟ್‌ಗೆ ಹೋಗಬೇಕು.

ನಿವೃತ್ತರಾದವರು ಮಾತಾಡಬಹುದು, ಪಕ್ಷ ಸೇರಬಹುದು, ಚುನಾವಣೆಗೂ ನಿಲ್ಲಬಹುದು. ಜನರಲ್ ಕಾರಿಯಪ್ಪನವರೇ 1971ರಲ್ಲಿ ಮುಂಬೈನಿಂದ ಲೋಕಸಭೆಗೆ ನಿಂತು ಸೋತರು. ಸೇವೆಯಲ್ಲಿದ್ದಾಗ ತಿಳಿದ ರಹಸ್ಯ ಮಾತ್ರ ನಿವೃತ್ತಿಯ ನಂತರವೂ ರಹಸ್ಯವೇ. ಗುಪ್ತಚರ ಸಂಸ್ಥೆಗಳು, ಗಡಿ ಭದ್ರತಾ ಪಡೆ, ಸಿಆರ್‌ಪಿಎಫ್‌ಗಳಿಂದ ನಿವೃತ್ತರಾದವರು ತಮ್ಮ ಸಂಸ್ಥೆಯ ಕೆಲಸದ ಬಗ್ಗೆ ಬರೆಯಲು ಅನುಮತಿ ಪಡೆಯಬೇಕೆಂದು 2021ರ ಮೇ ತಿಂಗಳಲ್ಲಿ ಪಿಂಚಣಿ ನಿಯಮಕ್ಕೆ ತಿದ್ದುಪಡಿ ಬಂದಿದೆ. ಆತ್ಮಕಥೆ ಬರೆಯುತ್ತಿರುವ ನಮ್ಮ ಹಿರಿಯ ಸದಸ್ಯರು ಅಚ್ಚಿಗೆ ಕೊಡುವ ಮುನ್ನ ಇದನ್ನೊಮ್ಮೆ ನೋಡಿಕೊಳ್ಳಲಿ. ನೀಲಗಿರಿಯವರಿಗೆ ಮಾಜಿ ಸೈನಿಕರ ಕಲ್ಯಾಣ ಕಚೇರಿ ಉದಕಮಂಡಲದಲ್ಲಿದೆ.