ಕಾರ್ಪಲ್ ಟನೆಲ್ ಸಿಂಡ್ರೋಮ್: ಶಸ್ತ್ರಕ್ರಿಯೆಯಿಲ್ಲದ ಚಿಕಿತ್ಸೆ

ಮಣಿಕಟ್ಟಿನೊಳಗಿನ ಇಕ್ಕಟ್ಟಾದ ಹಾದಿಯಲ್ಲಿ ಮೀಡಿಯನ್ ನರ ಅದುಮಿಹೋಗಿ ಕೈ ಜೋಮು ಹಿಡಿಯುವ ಕಾಯಿಲೆ ಕಾರ್ಪಲ್ ಟನೆಲ್ ಸಿಂಡ್ರೋಮ್. ಈ ಹಾದಿಗೆ ಕೆಳಗೆ ಎಲುಬುಗಳ ಆಸರೆ, ಮೇಲೆ ಗಟ್ಟಿಯಾದ ಅಡ್ಡ ಅಸ್ಥಿರಜ್ಜು. ನಡುವೆ ಬೆರಳು ಮಡಿಸುವ 9 ಸ್ನಾಯುರಜ್ಜುಗಳ ಜೊತೆಗೆ ನರವೂ ಸಾಗುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳಿನ ಅರ್ಧ ಜುಮುಗುಟ್ಟುತ್ತವೆ. ಕಿರುಬೆರಳು ಸಾಮಾನ್ಯವಾಗಿ ಪಾರಾಗುತ್ತದೆ. ನಡುರಾತ್ರಿ ಎಚ್ಚರವಾಗಿ ಕೈ ಒದರಿಕೊಂಡರೆ ಸಮಾಧಾನ. ಕಾಯಿಲೆ ಸೌಮ್ಯ ಅಥವಾ ಮಧ್ಯಮ ಹಂತದಲ್ಲಿದ್ದಾಗ ಕೊಯ್ಯದೆಯೇ ಉಪಚಾರ ಶುರುಮಾಡುವುದು ರೂಢಿ.

ಮೊದಲನೆಯದು ರಾತ್ರಿ ಕಟ್ಟುವ ಸ್ಪ್ಲಿಂಟ್. ಮಣಿಕಟ್ಟು ಒಳಕ್ಕೆ ಬಾಗಿದರೂ ಹಿಂದಕ್ಕೆ ಬಾಗಿದರೂ ಆ ಹಾದಿಯಲ್ಲಿ ಒತ್ತಡ ಹಲವು ಪಟ್ಟು ಏರುತ್ತದೆ. ನಿದ್ದೆಯಲ್ಲಿ ಕೈ ಹೇಗೆ ಮಡಚಿದೆ ಎಂಬುದು ಯಾರ ಗಮನದಲ್ಲೂ ಇರುವುದಿಲ್ಲ. ಮಣಿಕಟ್ಟನ್ನು ನೆಟ್ಟಗಿಡುವುದಷ್ಟೇ ಸ್ಪ್ಲಿಂಟಿನ ಕೆಲಸ. ಅಂಗಡಿಯಲ್ಲಿ ಸಿಗುವ ಹಲವು ಸ್ಪ್ಲಿಂಟುಗಳ ಲೋಹದ ಪಟ್ಟಿ ಕೈಯನ್ನು ತುಸು ಹಿಂದಕ್ಕೆ ಎತ್ತಿ ಹಿಡಿಯುವಂತೆ ಬಾಗಿರುತ್ತದೆ. ಅದನ್ನು ನೇರ ಮಾಡಿಸಿಕೊಳ್ಳದೆ ಕಟ್ಟಿದರೆ ಉದ್ದೇಶವೇ ಕೆಟ್ಟಂತೆ. ಬಿಗಿದು ಕಟ್ಟುವುದೂ ಸಲ್ಲ. ಕನಿಷ್ಠ 6 ವಾರ ಕಟ್ಟಿ ನೋಡಬೇಕು. ನಾಲ್ಕು ದಿನಕ್ಕೇ ಬೇಸತ್ತು ಬಿಚ್ಚಿಟ್ಟವರು ಗುಣ ಕಾಣಲಿಲ್ಲ ಎನ್ನುವುದು ನ್ಯಾಯವಲ್ಲ.

ಬೇಗ ಉಪಶಮನ ಬೇಕಾದರೆ ನರದ ಪಕ್ಕಕ್ಕೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ. ಇಂಗ್ಲೆಂಡಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 6 ವಾರಗಳ ಹೊತ್ತಿಗೆ ಚುಚ್ಚುಮದ್ದು ಸ್ಪ್ಲಿಂಟಿಗಿಂತ ಮೇಲೆನಿಸಿತು, 6 ತಿಂಗಳಿಗೆ ಎರಡೂ ಸಮಸಮ. ಸ್ವೀಡನ್ನಿನ 2013ರ ಅಧ್ಯಯನದಲ್ಲಂತೂ ಚುಚ್ಚುಮದ್ದು ಪಡೆದವರಲ್ಲೂ ಹೆಚ್ಚಿನವರು ವರ್ಷದೊಳಗೆ ಶಸ್ತ್ರಕ್ರಿಯೆಗೆ ಒಳಗಾದರು. ಪದೇ ಪದೇ ಚುಚ್ಚಿಸಿಕೊಳ್ಳುವುದು ಹಿತವಲ್ಲ.

ನೋವಿನ ಮಾತ್ರೆ, ಮೂತ್ರವರ್ಧಕ, ಬಿ6 ಜೀವಸತ್ವ ಇವು ಈ ಕಾಯಿಲೆಗೆ ನಾಟುವುದಿಲ್ಲ. ಬಿ6 ಅತಿಯಾದರೆ ತಾನೇ ನರಗಳಿಗೆ ಹಾನಿ ಮಾಡುತ್ತದೆ; ಆದರೂ ಅದನ್ನು ಬರೆದುಕೊಡುವ ಅಭ್ಯಾಸ ಉಳಿದಿದೆ.

ಯೋಗದ ಕಡೆಯಿಂದಲೂ ಒಂದು ಪ್ರಯತ್ನ ನಡೆದಿದೆ. ಯೋಗಗುರು ಬಿ.ಕೆ.ಎಸ್. ಅಯ್ಯಂಗಾರರ ಶಿಷ್ಯೆ, ಅಮೆರಿಕದ ಮರಿಯನ್ ಗಾರ್ಫಿಂಕೆಲ್, 42 ರೋಗಿಗಳ ಮೇಲೆ ಮಾಡಿದ ಅಧ್ಯಯನ 1998ರಲ್ಲಿ ಪ್ರಕಟವಾಯಿತು. 8 ವಾರ ಆಸನ ಕಲಿತವರ ಹಿಡಿತ ಬಲವಾಯಿತು, ನೋವು ತಗ್ಗಿತು. ನರದ ವಹನ ಪರೀಕ್ಷೆಯಲ್ಲಿ ಮಾತ್ರ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅಧ್ಯಯನ ಚಿಕ್ಕದು, ಯೋಗವನ್ನು ಸ್ಪ್ಲಿಂಟಿನ ಜೊತೆಗಾರನೆಂದು ಎಣಿಸಬಹುದು, ಬದಲಿಯೆಂದಲ್ಲ.

ಥೈರಾಯ್ಡ್ ಕೊರತೆ, ಮಧುಮೇಹ, ಸಂಧಿವಾತ ಇದ್ದರೆ ಅವುಗಳಿಗೂ ಚಿಕಿತ್ಸೆ ಆಗಬೇಕು. ಗರ್ಭಿಣಿಯರಲ್ಲಿ ಕಾಣಿಸುವ ಜೋಮು ಬಹುಮಟ್ಟಿಗೆ ಹೆರಿಗೆಯ ನಂತರ ಇಳಿಯುವುದರಿಂದ ಅವರಿಗೆ ಸ್ಪ್ಲಿಂಟ್ ಸಾಕಾಗುತ್ತದೆ. ಜೋಮು ಹಗಲಿರುಳೂ ಬಿಡದಿದ್ದರೆ, ಕೈಯಿಂದ ಸಾಮಾನು ಜಾರತೊಡಗಿದರೆ, ಹೆಬ್ಬೆರಳಿನ ಬುಡದ ಮಾಂಸಖಂಡ ಬತ್ತಿದರೆ ಕಾಯುತ್ತ ಕೂರಬಾರದು: ತಡವಾದರೆ ಶಸ್ತ್ರಕ್ರಿಯೆಯಾದ ಮೇಲೂ ಆ ಮಾಂಸಖಂಡ ಪೂರ್ತಿ ತುಂಬಿಕೊಳ್ಳದೆ ಹೋಗಬಹುದು.