ಕಥೋಲಿಕ ಶಾಲೆಗಳು ಮತ್ತು ಆಟಿಸಂ ಇರುವ ಮಕ್ಕಳು: ಒಂದು ಚಾರಿತ್ರಿಕ ನೋಟ

ಧರ್ಮಕೇಂದ್ರವೊಂದರ ಚರಿತ್ರೆಯನ್ನು ಬರೆಯುವಾಗ ದೇವಾಲಯದ ಗೋಪುರ, ಗಂಟೆ, ಪೀಠಗಳ ವಿವರದೊಡನೆ ಅದರ ಶಾಲೆಯ ವಿವರವೂ ಬರುವುದು ವಾಡಿಕೆ. ಎಷ್ಟು ಮಕ್ಕಳು ಅಲ್ಲಿ ಕಲಿತರು, ಎಷ್ಟು ಮಂದಿ ವೈದ್ಯರಾದರು, ಗುರುಗಳಾದರು ಎಂದು ನಾವು ಹೆಮ್ಮೆಯಿಂದ ಎಣಿಸುತ್ತೇವೆ. ಶಾಲೆಯ ಬಾಗಿಲವರೆಗೆ ಬಂದು ಹಿಂದಿರುಗಿದ ಮಕ್ಕಳ ಲೆಕ್ಕವನ್ನು ಮಾತ್ರ ಯಾರೂ ಬರೆದಿಡುವುದಿಲ್ಲ. ಅಂತಹವರಲ್ಲಿ ಆಟಿಸಂ, ಎಂದರೆ ಸ್ವಲೀನತೆ, ಇರುವ ಮಕ್ಕಳ ವಿಷಯವನ್ನು ಅಮೆರಿಕಾ ದೇಶದ ಕಥೋಲಿಕ ಶಾಲೆಗಳ ನಿದರ್ಶನದಿಂದ ಪರಿಶೀಲಿಸಲು ಇಲ್ಲಿ ಯತ್ನಿಸುತ್ತೇವೆ. ಈ ಸ್ಥಿತಿಯನ್ನು ಕುರಿತ ಪ್ರಸಿದ್ಧ ಮೊದಲ ವೈದ್ಯಕೀಯ ಪ್ರಬಂಧ ಹೊರಬಂದುದು ಆ ದೇಶದಲ್ಲಿ; ಧರ್ಮಸಭೆ ಬಹು ವಿಸ್ತಾರವಾದ ಶಾಲಾವ್ಯವಸ್ಥೆಯನ್ನು ಕಟ್ಟಿದುದೂ ಅಲ್ಲಿಯೇ.

1884ರಲ್ಲಿ ಬಾಲ್ಟಿಮೋರ್ ನಗರದಲ್ಲಿ ಕೂಡಿದ ಅಮೆರಿಕಾದ ಧರ್ಮಾಧ್ಯಕ್ಷರ ಮೂರನೆಯ ಮಹಾಸಭೆಯು, ಪ್ರತಿಯೊಂದು ದೇವಾಲಯದ ಬಳಿ ಎರಡು ವರ್ಷಗಳೊಳಗೆ ಒಂದು ಶಾಲೆ ಏಳಬೇಕೆಂದು ವಿಧಿಸಿತು. ಬಡ ವಲಸೆಗಾರರ ಕಾಣಿಕೆಯಿಂದಲೂ ಕನ್ಯಾಸ್ತ್ರೀಯರ ತ್ಯಾಗದಿಂದಲೂ ಶಾಲೆಗಳು ಎದ್ದವು. 1960ರ ದಶಕದ ಮಧ್ಯಭಾಗದಲ್ಲಿ ಅವುಗಳಲ್ಲಿ 50 ಲಕ್ಷಕ್ಕೂ ಹೆಚ್ಚು ಮಕ್ಕಳು ಓದುತ್ತಿದ್ದರು. ಪ್ರತಿಯೊಬ್ಬ ಕಥೋಲಿಕ ಮಗುವಿಗೂ ಕಥೋಲಿಕ ಶಾಲೆ ಎಂಬುದೇ ಆ ಯುಗದ ಧ್ಯೇಯವಾಗಿತ್ತು. ಆದರೆ 'ಪ್ರತಿಯೊಬ್ಬ' ಎಂಬ ಮಾತಿನೊಳಗೆ ಯಾರು ಸೇರುತ್ತಾರೆ, ಯಾರು ಸೇರುವುದಿಲ್ಲ ಎಂದು ಅಂದು ಯಾರೂ ಗಟ್ಟಿಯಾಗಿ ಕೇಳಲಿಲ್ಲ.

ಅದೇ ಬಾಲ್ಟಿಮೋರ್ ನಗರದ ವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದರು. ಇತರರೊಡನೆ ಬೆರೆಯದೆ ಇರುವುದು, ಮಾತನ್ನು ವಿಲಕ್ಷಣವಾಗಿ ಬಳಸುವುದು, ದಿನಚರಿ ಕಿಂಚಿತ್ ಬದಲಾದರೂ ಕಳವಳಗೊಳ್ಳುವುದು ಆ ಮಕ್ಕಳಲ್ಲಿ ಕಂಡ ಸಮಾನ ಲಕ್ಷಣಗಳು. ಮುಂದೆ ಕೆಲವು ವಿದ್ವಾಂಸರು ಇದಕ್ಕೆ ತಾಯಂದಿರ ಪ್ರೀತಿಯ ಕೊರತೆಯೇ ಕಾರಣವೆಂದು ಸಾರಿದರು. 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಬರೆದ ಗ್ರಂಥ ಈ ಅಪವಾದವನ್ನು ಮನೆಮನೆಗೂ ಮುಟ್ಟಿಸಿತು. ಆಟಿಸಂ ಇರುವ ಮಗನ ತಂದೆಯಾದ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲಿಯೇ ಇದನ್ನು ಖಂಡಿಸಿದ್ದರು. ಅವಳಿ ಮಕ್ಕಳನ್ನು ಕುರಿತ 1977ರ ಅಧ್ಯಯನವು ಆನುವಂಶಿಕ ಕಾರಣಗಳ ಕಡೆಗೆ ಬೊಟ್ಟು ಮಾಡಿತು. ಅಷ್ಟರಲ್ಲಿ ಎಷ್ಟು ತಾಯಂದಿರು ತಮ್ಮದಲ್ಲದ ತಪ್ಪಿಗಾಗಿ ಕಣ್ಣೀರಿಟ್ಟರೋ ದೇವರೇ ಬಲ್ಲ.

ಕ್ಯಾನರ್ ವರ್ಣಿಸಿದ ಮೊದಲನೆಯ ಬಾಲಕನ ಬಾಳು ಶಾಲೆ ನಡೆಸುವವರಿಗೆಲ್ಲ ಒಂದು ಪಾಠ. ಆತನ ಹೆಸರು ಡೊನಾಲ್ಡ್ ಟ್ರಿಪ್ಲೆಟ್. ಊರು ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಚಿಕ್ಕ ಪಟ್ಟಣ. ಮೂರು ವರ್ಷದವನಾಗಿದ್ದಾಗ ಆತನನ್ನು ಮನೆಯಿಂದ ದೂರದ ಸಂಸ್ಥೆಯೊಂದಕ್ಕೆ ಸೇರಿಸಿದ್ದರು. ಸುಮಾರು ಒಂದು ವರ್ಷದ ಬಳಿಕ ತಂದೆತಾಯಿಗಳು ಮರಳಿ ಕರೆತಂದರು. ಮುಂದೆ ಆತ ರೈತ ದಂಪತಿಗಳ ಮನೆಯಲ್ಲಿ ಕೆಲವು ಕಾಲವಿದ್ದ. ಆತನ ಎಣಿಕೆಯ ಹುಚ್ಚನ್ನು ಆ ರೈತನು ಗದರಿಸಿ ಬಿಡಿಸಲಿಲ್ಲ. ಉಳುವಾಗ ಜೋಳದ ಸಾಲುಗಳನ್ನು ಎಣಿಸಲು ಬಿಟ್ಟನು. ಊರಿನ ಶಾಲೆಯೂ ಆತನನ್ನು ಸೇರಿಸಿಕೊಂಡಿತು. ಡೊನಾಲ್ಡ್ 1958ರಲ್ಲಿ ಕಾಲೇಜು ಪದವಿ ಪಡೆದು, ಬ್ಯಾಂಕಿನಲ್ಲಿ ನೌಕರಿ ಮಾಡಿ, 2023ರಲ್ಲಿ ತನ್ನ 89ನೆಯ ವಯಸ್ಸಿನಲ್ಲಿ ನಿಧನನಾದನು. 1971ರಲ್ಲಿ ಕ್ಯಾನರ್ ಆ 11 ಮಕ್ಕಳ ಮುಂದಿನ ಗತಿಯನ್ನು ವಿಚಾರಿಸಿದಾಗ, ದೊಡ್ಡ ಸರಕಾರಿ ಆಶ್ರಯಾಲಯಗಳಿಗೆ ಸೇರಿದವರು ಇದ್ದ ಚೈತನ್ಯವನ್ನೂ ಕಳೆದುಕೊಂಡಿದ್ದುದನ್ನು ಕಂಡು ಮರುಗಿದರು. ಮಗುವನ್ನು ಎಲ್ಲಿ ಇರಿಸುತ್ತೇವೆಂಬುದು ಎಷ್ಟು ದೊಡ್ಡ ಮಾತೆಂದು ಇದರಿಂದ ವೇದ್ಯವಾಗುತ್ತದೆ.

ಧರ್ಮಸಭೆ ಇಂತಹ ಮಕ್ಕಳನ್ನು ಕೈಬಿಟ್ಟಿತ್ತೆಂದು ಹೇಳುವುದು ನ್ಯಾಯವಲ್ಲ. ವಿಸ್ಕಾನ್ಸಿನ್ ರಾಜ್ಯದ ಜೆಫರ್ಸನ್‌ನಲ್ಲಿ ಫ್ರಾನ್ಸಿಸ್ಕನ್ ಕನ್ಯಾಸ್ತ್ರೀಯರು 1904ರಲ್ಲಿಯೇ ಬುದ್ಧಿಮಾಂದ್ಯ ಮಕ್ಕಳಿಗಾಗಿ ಸಂತ ಕೊಲೆಟಾ ಶಾಲೆಯನ್ನು ತೆರೆದರು. ಶಿಕ್ಷಣವನ್ನು ಕುರಿತು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೊರಡಿಸಿದ ಘೋಷಣೆಯೂ ವಿಶೇಷ ಆರೈಕೆ ಬೇಕಾದವರ ಶಾಲೆಗಳನ್ನು ಸ್ಮರಿಸುತ್ತದೆ. ಆದರೆ ಆ ಮಮತೆಯೆಲ್ಲ ಪ್ರತ್ಯೇಕ ಶಾಲೆಗಳ ಕಡೆಗೆ ಹರಿಯಿತು. ಅಣ್ಣ ತಂಗಿಯರು ಕಲಿಯುವ ಧರ್ಮಕೇಂದ್ರದ ಶಾಲೆಯಲ್ಲಿಯೇ ಈ ಮಗುವೂ ಕುಳಿತುಕೊಳ್ಳಬಹುದೆಂಬ ಆಲೋಚನೆ ತಡವಾಗಿ ಬಂದಿತು.

ಆ ಆಲೋಚನೆಗೆ ಅಮೆರಿಕಾದಲ್ಲಿ ಕಾನೂನಿನ ಬಲ ಕೊಟ್ಟುದು 1975ರ ಶಾಸನ. ಅಂಗವೈಕಲ್ಯವುಳ್ಳ ಪ್ರತಿಯೊಂದು ಮಗುವಿಗೂ ಸರಕಾರಿ ಶಾಲೆಗಳು ಉಚಿತವಾಗಿ ಯೋಗ್ಯ ಶಿಕ್ಷಣವನ್ನು ಕೊಡಬೇಕೆಂದು ಅದು ವಿಧಿಸಿತು; 1990ರಲ್ಲಿ ಆಟಿಸಂ ಅದರಲ್ಲಿ ಪ್ರತ್ಯೇಕವಾಗಿ ಹೆಸರಿಸಲ್ಪಟ್ಟಿತು. 1978ರಲ್ಲಿ ಅಲ್ಲಿಯ ಧರ್ಮಾಧ್ಯಕ್ಷರು ಅಂಗವಿಕಲರನ್ನು ಕುರಿತ ಪತ್ರದಲ್ಲಿ ಅವರನ್ನು ಧರ್ಮಸಭೆಯ ಜೀವನದಲ್ಲಿ ಪೂರ್ಣ ಪಾಲುಗಾರರೆಂದು ಸ್ವೀಕರಿಸುವಂತೆ ಕರೆಯಿತ್ತರು. 1983ರ ಧರ್ಮಸಭಾ ಸಂಹಿತೆಯ 777ನೆಯ ನಿಯಮವು, ದೇಹದಲ್ಲಾಗಲಿ ಮನಸ್ಸಿನಲ್ಲಾಗಲಿ ಅಡಚಣೆಯುಳ್ಳವರಿಗೂ ಅವರ ಸ್ಥಿತಿಗೆ ಅನುಗುಣವಾಗಿ ಧರ್ಮೋಪದೇಶ ದೊರೆಯುವಂತೆ ನೋಡಿಕೊಳ್ಳುವುದು ಧರ್ಮಕೇಂದ್ರದ ಗುರುಗಳ ಕರ್ತವ್ಯವೆಂದು ಸ್ಪಷ್ಟಪಡಿಸಿತು.

ಇಲ್ಲಿಯೇ ಒಂದು ವಿಪರ್ಯಾಸ. ಅಂಗವಿಕಲರ ವಿರುದ್ಧ ಭೇದವೆಣಿಸಬಾರದೆಂಬ 1990ರ ಅಮೆರಿಕನ್ ಶಾಸನವು, ಖಾಸಗಿ ಶಾಲೆಗಳಿಗೆ ಅನ್ವಯಿಸುವ ಭಾಗದಲ್ಲಿ ಧಾರ್ಮಿಕ ಸಂಸ್ಥೆಗಳಿಗೆ ವಿನಾಯಿತಿ ನೀಡಿತು. ಸರಕಾರಿ ಶಾಲೆ ನಿರಾಕರಿಸಲಾಗದ ಮಗುವನ್ನು ಧರ್ಮಸಭೆಯ ಶಾಲೆ ನಿರಾಕರಿಸಬಹುದಾಯಿತು. ಕನ್ಯಾಸ್ತ್ರೀಯರ ಸಂಖ್ಯೆ ಇಳಿದು ಸಂಬಳದ ಶಿಕ್ಷಕರ ವೆಚ್ಚ ಏರಿದ ಕಾಲವೂ ಅದೇ ಆಗಿದ್ದುದರಿಂದ ಹಣವಿಲ್ಲ, ತರಬೇತಿಯಿಲ್ಲ ಎಂಬ ಉತ್ತರಕ್ಕೆ ಆಧಾರವೂ ಇತ್ತು. ಆದರೂ 1996ರಲ್ಲಿ ಕಾನ್ಸಸ್ ಸಿಟಿಯ ಕೆಲವು ತಂದೆತಾಯಿಗಳು ಆ ಉತ್ತರಕ್ಕೆ ತಲೆಬಾಗದೆ, ಎಲ್ಲರನ್ನೂ ಒಳಗೊಳ್ಳುವ ಧಾರ್ಮಿಕ ಶಿಕ್ಷಣಕ್ಕಾಗಿ ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿದರು. ವಿಶೇಷ ಶಿಕ್ಷಕರನ್ನೂ ಸಹಾಯಕರನ್ನೂ ನೇಮಿಸಿಕೊಳ್ಳಲು ಅದು ಕಥೋಲಿಕ ಶಾಲೆಗಳಿಗೆ ಧನಸಹಾಯ ಮಾಡಿತು. ಕಾನೂನು ಒತ್ತಾಯಪಡಿಸದೆ ಇದ್ದ ಬಾಗಿಲನ್ನು ಜನರ ಕಾಣಿಕೆಯೇ ತೆರೆಯಿತು.

ಆಟಿಸಂ ಇರುವ ಮಗು ತರಗತಿಯ ಶಿಸ್ತನ್ನು ಕೆಡಿಸುತ್ತದೆ ಎಂಬ ಆಕ್ಷೇಪಣೆಯನ್ನು ನಾವು ಆಗಾಗ ಕೇಳುತ್ತೇವೆ. ಆದರೆ 1972ರಿಂದ ಉತ್ತರ ಕೆರೊಲಿನಾ ರಾಜ್ಯದಲ್ಲಿ ಎರಿಕ್ ಶೋಪ್ಲರ್ ನಡೆಸಿದ ಶಿಕ್ಷಣ ಯೋಜನೆ ಇಂತಹ ಮಗುವಿಗೆ ಕ್ರಮಬದ್ಧತೆಯೇ ಆಸರೆಯೆಂದು ತೋರಿಸಿತು. ದಿನದ ಕಾರ್ಯಕ್ರಮವನ್ನು ಚಿತ್ರಗಳಲ್ಲಿ ಬರೆದು ಗೋಡೆಗೆ ಹಚ್ಚುವುದು, ಒಂದು ಪಾಠದಿಂದ ಮತ್ತೊಂದಕ್ಕೆ ಹೋಗುವ ಮೊದಲೇ ತಿಳಿಸುವುದು, ಚಿಕ್ಕ ನೇರ ಮಾತುಗಳಲ್ಲಿ ಹೇಳುವುದು, ಗದ್ದಲ ಸಹಿಸಲಾಗದಾಗ ಕುಳಿತುಕೊಳ್ಳಲು ಒಂದು ನಿಶ್ಶಬ್ದ ಮೂಲೆ: ಇವು ಅಪಾರ ವೆಚ್ಚದ ಸಾಧನಗಳಲ್ಲ. ಗಂಟೆಗೂ ವೇಳಾಪಟ್ಟಿಗೂ ಹೆಸರಾದ ನಮ್ಮ ಶಾಲೆಗಳಲ್ಲಿ ಇದರ ಅರ್ಧಭಾಗ ಆಗಲೇ ಇದೆ. ಕೆಲವು ಮಕ್ಕಳಿಗೆ ಇದಕ್ಕಿಂತ ಹೆಚ್ಚಿನ ನೆರವು ಬೇಕೆಂಬುದು ನಿಜ. ಅವರಿಗಾಗಿ ವಿಶೇಷ ಶಾಲೆಗಳೂ ಇರಬೇಕು. ಆದರೆ ಹಾಗೆ ನಿರ್ಧರಿಸಬೇಕಾದುದು ಮಗುವನ್ನು ಕಂಡು, ತಂದೆತಾಯಿಗಳೊಡನೆ ಕುಳಿತು ಮಾತನಾಡಿದ ಮೇಲೆ. ರೋಗದ ಹೆಸರು ಕೇಳಿದೊಡನೆಯೇ ಅಲ್ಲ.

2014ರ ನವೆಂಬರ್ 20ರಿಂದ 22ರವರೆಗೆ ಆಟಿಸಂ ಕುರಿತ ಅಂತರರಾಷ್ಟ್ರೀಯ ಸಮ್ಮೇಳನವೊಂದು ವ್ಯಾಟಿಕನ್ನಿನಲ್ಲಿಯೇ ನಡೆಯಿತು. ಅಂದಿನ ಜಗದ್ಗುರು ಫ್ರಾನ್ಸಿಸರು ಈ ಕುಟುಂಬಗಳನ್ನು ಕವಿದಿರುವ ಒಂಟಿತನವನ್ನೂ ಕಳಂಕವನ್ನೂ ತೊಡೆಯಬೇಕೆಂದು ಉಪದೇಶಿಸಿದರು.

ಅಮೆರಿಕಾದ ಈ ಚರಿತ್ರೆ ನಮಗೆ ದೂರದ್ದಲ್ಲ. ನಮ್ಮ ದೇಶದ 2009ರ ಶಿಕ್ಷಣದ ಹಕ್ಕಿನ ಶಾಸನವು ಖಾಸಗಿ ಶಾಲೆಗಳ ಪ್ರವೇಶ ತರಗತಿಯಲ್ಲಿ ಶೇಕಡ 25 ಸ್ಥಾನಗಳನ್ನು ದುರ್ಬಲ ಹಾಗೂ ಅವಕಾಶವಂಚಿತ ಮಕ್ಕಳಿಗೆ ಮೀಸಲಿಟ್ಟಿತು. 2012ರ ತಿದ್ದುಪಡಿ ಅಂಗವಿಕಲ ಮಕ್ಕಳನ್ನೂ ಆ ಗುಂಪಿಗೆ ಸೇರಿಸಿತು. 2014ರ ಮೇ 6ರಂದು ಸುಪ್ರೀಂ ಕೋರ್ಟು, ಸಂವಿಧಾನದ 30ನೆಯ ವಿಧಿಯನ್ನು ಆಧರಿಸಿ, ಆ ಶಾಸನ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸದೆಂದು ತೀರ್ಪಿತ್ತಿತು. 2025ರಲ್ಲಿ ಅದೇ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಆ ತೀರ್ಪನ್ನು ವಿಸ್ತೃತ ಪೀಠದ ಪರಿಶೀಲನೆಗೆ ಒಪ್ಪಿಸಬೇಕೆಂದು ಅಭಿಪ್ರಾಯಪಟ್ಟರು. ಇತ್ತ, ಆಟಿಸಂ ಅನ್ನು ಹೆಸರಿಸುವ 2016ರ ಅಂಗವಿಕಲರ ಹಕ್ಕುಗಳ ಶಾಸನವು, ಸರಕಾರದ ಮನ್ನಣೆ ಪಡೆದ ಶಾಲೆಗಳು ಭೇದವಿಲ್ಲದೆ ಪ್ರವೇಶ ಕೊಡಬೇಕೆಂಬ ಗುರಿಯನ್ನು ಮುಂದಿಡುತ್ತದೆ.

30ನೆಯ ವಿಧಿ ನಮಗೆ ಅಮೂಲ್ಯವಾದುದು. ನಮ್ಮ ಶಾಲೆಗಳ ಸ್ವಂತ ಗುಣವನ್ನು ಕಾಪಾಡಿಕೊಳ್ಳಲೆಂದು ಅದು ದೊರೆತಿದೆ. ಆದರೆ ಆ ಗುಣ ಯಾವುದು? ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಒಂದನ್ನು ಅರಸಿ ಹೋದ ಕುರುಬನನ್ನು ಸಾರುವ ಶಾಲೆ, ಆ ಒಂದನ್ನು ಹೊರಗಿಡಲು ಅದೇ ವಿನಾಯಿತಿಯನ್ನು ತೋರಿಸುವುದು ಸಲ್ಲದು. ಶತಮಾನೋತ್ಸವವು ಎಣಿಕೆಯ ಕಾಲ. ಮುಂದಿನ ನೂರು ವರ್ಷಗಳ ದಾಖಲೆ ಪುಸ್ತಕವನ್ನು ತೆರೆಯುವಾಗ, ಬಾಗಿಲವರೆಗೆ ಬಂದ ಪ್ರತಿಯೊಂದು ಮಗುವಿನ ಹೆಸರನ್ನೂ ಅದರಲ್ಲಿ ಬರೆಯೋಣ. ಹಿಂದೆ ಕಳುಹಿಸಿದರೆ ಕಾರಣವನ್ನೂ ಬರೆಯೋಣ. ಆ ಕಾರಣವನ್ನು ಓದಲು ನಾವೇ ನಾಚುವಂತಾದರೆ, ಮಾಡಬೇಕಾದುದೇನೆಂದು ನಮಗೆ ತಾನಾಗಿ ತಿಳಿದೀತು.